ಅಡ್ವಾನ್ಸ್ ಕೊಡುವ ಮುಂಚೆ: ಕೂಡಿ ಬಾಳುವವರು ಕೂಡಿ ತೀರ್ಮಾನಿಸುವುದು ಹೇಗೆ

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಸಾಗುವಳಿ ಜಮೀನು ಕೊಳ್ಳಬಹುದು ಎಂದಾಯಿತು. ಅಲ್ಲಿಂದೀಚೆಗೆ ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಎಂಟು ಹತ್ತು ಮನೆಯವರು ಸೇರಿ ಸಕಲೇಶಪುರದ ಕಡೆಯೋ ಕನಕಪುರದ ಕಡೆಯೋ ಜಮೀನು ತಗೊಂಡು, ಒಂದೇ ಅಡುಗೆಮನೆ ಇಟ್ಟುಕೊಂಡು, ಮಕ್ಕಳನ್ನು ಒಟ್ಟಿಗೆ ಬೆಳೆಸಿಕೊಂಡು ಇದ್ದುಬಿಡೋಣ ಎಂಬ ಮಾತು. ಪಹಣಿ ನೋಡುತ್ತಾರೆ, ಸರ್ವೆ ಮಾಡಿಸುತ್ತಾರೆ, ನೀರಿನ ಪಾಯಿಂಟ್ ಹಿಡಿಸುತ್ತಾರೆ. ತೀರ್ಮಾನಗಳನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಮಾತ್ರ, "ಎಲ್ಲ ಸ್ನೇಹಿತರೇ ಅಲ್ವಾ, ಕೂತು ಮಾತಾಡಿಕೊಂಡರಾಯ್ತು" ಎಂಬ ಉತ್ತರ ಬರುತ್ತದೆ.

ಆ ಉತ್ತರ ಕೇಳಿದಾಗಲೆಲ್ಲ ನನಗೆ ಅಳುಕು. ಇಂಥ ಗುಂಪುಗಳು ಒಡೆಯುವುದಕ್ಕೆ ಬಹಳ ಸಲ ಇರುವುದು ಒಂದೇ ಕಾರಣ: ಯಾರಾದರೂ ಒಬ್ಬರು "ಬೇಡ" ಅಂದಾಗ ಮುಂದೇನು ಮಾಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಕೆಳಗಿನ ಹೆಜ್ಜೆಗಳನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಇಟ್ಟರೆ ಒಳ್ಳೆಯದು. ಈಗಾಗಲೇ ಒಟ್ಟಿಗೆ ಇರುವವರು ಎಲ್ಲಿ ತೊಡಕಿದೆಯೋ ಅಲ್ಲಿಂದ ಹಿಡಿದುಕೊಳ್ಳಬಹುದು.

1. ಯಾವ ತೀರ್ಮಾನ ಯಾರದು ಎಂದು ಮೊದಲು ಹಂಚಿ

ಎಲ್ಲವನ್ನೂ ಎಲ್ಲರೂ ಕೂತೇ ತೀರ್ಮಾನಿಸಬೇಕೆಂಬ ಹುಮ್ಮಸ್ಸು ಮೊದಲ ಕೆಲವು ತಿಂಗಳು ಇರುತ್ತದೆ. ಗೇಟಿಗೆ ಯಾವ ಬಣ್ಣ, ಸಾರಿಗೆ ಯಾವ ಬೇಳೆ ಎಂದು ಭಾನುವಾರಗಳೆಲ್ಲ ಕಳೆದ ಮೇಲೆ ಜನ ಸಭೆಗೆ ಬರುವುದನ್ನು ಬಿಡುತ್ತಾರೆ. ಆಮೇಲೆ ಬಂದ ನಾಲ್ಕು ಮಂದಿ ಮಾಡಿದ್ದೇ ತೀರ್ಮಾನ.

ಅಮೆರಿಕದ ವರ್ಜೀನಿಯಾದಲ್ಲಿ ಟ್ವಿನ್ ಓಕ್ಸ್ ಎಂಬ ಸಮುದಾಯ 1967ರಿಂದ ನಡೆದುಕೊಂಡು ಬಂದಿದೆ. ದುಡಿಮೆಯೂ ಒಟ್ಟು, ದುಡ್ಡೂ ಒಟ್ಟು. ಅಡುಗೆ, ಮಕ್ಕಳನ್ನು ನೋಡಿಕೊಳ್ಳುವುದು, ಹಸು ಕರೆಯುವುದು ಎಲ್ಲವೂ ದುಡಿಮೆಯ ಲೆಕ್ಕಕ್ಕೇ ಸೇರುತ್ತವೆ. ತೋಟಕ್ಕೊಬ್ಬರು, ಅಡುಗೆಮನೆಗೊಬ್ಬರು, ವಾಹನಗಳಿಗೊಬ್ಬರು ಎಂದು ಮ್ಯಾನೇಜರುಗಳಿದ್ದು ತಮ್ಮ ತಮ್ಮ ವಿಷಯವನ್ನು ಅವರೇ ತೀರ್ಮಾನಿಸುತ್ತಾರೆ. ಇಡೀ ಸಮುದಾಯಕ್ಕೆ ಸಂಬಂಧಿಸಿದ್ದನ್ನು ಮೂವರು ಪ್ಲಾನರುಗಳು ನೋಡುತ್ತಾರೆ. ಅವರ ಅವಧಿ ಹದಿನೆಂಟು ತಿಂಗಳು, ಮೂವರೂ ಒಟ್ಟಿಗೆ ಇಳಿಯುವುದಿಲ್ಲ. ಅವರ ತೀರ್ಮಾನ ತಪ್ಪೆನಿಸಿದರೆ ಸದಸ್ಯರು ಅದನ್ನು ರದ್ದು ಮಾಡಬಹುದು. ನನಗೆ ತುಂಬ ಹಿಡಿಸಿದ್ದು ಅಲ್ಲಿನ ಗೋಡೆಯ ಹಲಗೆ. ಹೊಸ ಪ್ರಸ್ತಾವವನ್ನು ಕಾಗದದಲ್ಲಿ ಬರೆದು ಅಲ್ಲಿ ನೇತುಹಾಕುತ್ತಾರೆ, ಓಡಾಡುವವರು ನಿಂತು ಓದಿ ಕೆಳಗೆ ತಮ್ಮ ಮಾತು ಬರೆದು ಹೋಗುತ್ತಾರೆ. ಸಭೆಯಲ್ಲಿ ಬಾಯಿ ಬಿಡದವರು ಅಲ್ಲಿ ಬರೆಯುತ್ತಾರೆ.

ನೀವೂ ಒಂದು ಹಾಳೆಯಲ್ಲಿ ಮೂರು ಪಟ್ಟಿ ಮಾಡಿ. ಒಬ್ಬರೇ ಯಾರನ್ನೂ ಕೇಳದೆ ಮಾಡಬಹುದಾದ್ದು. ಆಯಾ ತಂಡ ಮಾಡಿ ಆಮೇಲೆ ತಿಳಿಸಬಹುದಾದ್ದು. ಎಲ್ಲರೂ ಕೂತೇ ಮಾಡಬೇಕಾದ್ದು. ಮೂರನೆಯದು ಚಿಕ್ಕದಿರಲಿ: ಜಮೀನು, ಸಾಲ, ಹೊಸ ಸದಸ್ಯರು, ಯಾರನ್ನಾದರೂ ಬಿಡುವುದು, ನೀರು, ಮಕ್ಕಳ ಸುರಕ್ಷತೆ, ಈ ನಿಯಮಗಳ ಬದಲಾವಣೆ. ಪ್ರತಿ ತಂಡಕ್ಕೂ ಒಂದು ಮೊತ್ತದ ಮಿತಿ ಹಾಕಿ. ಐದು ಸಾವಿರವೋ ಐವತ್ತು ಸಾವಿರವೋ ನಿಮ್ಮ ಜೇಬಿಗೆ ಬಿಟ್ಟದ್ದು. ಮಿತಿ ಎಂಬುದೊಂದು ಇರಬೇಕು.

"ನಮ್ಮಲ್ಲಿ ನಾಯಕರೇ ಇಲ್ಲ, ಯಾವ ರಚನೆಯೂ ಬೇಡ" ಎನ್ನುವವರು ನಿಮ್ಮಲ್ಲೂ ಒಬ್ಬರಾದರೂ ಇರುತ್ತಾರೆ. 1970ರ ಸುಮಾರಿಗೆ ಅಮೆರಿಕದ ಮಹಿಳಾ ಚಳವಳಿಯ ಗುಂಪುಗಳು ಇದನ್ನು ಮಾಡಿ ನೋಡಿದವು. ಬರೆದಿಟ್ಟ ಅಧಿಕಾರ ಇಲ್ಲದ ಕಡೆ ಹಳೆಯ ಗೆಳೆತನ, ಮಾತಿನ ಚಾತುರ್ಯ, ಬಿಡುವಿನ ವೇಳೆ ಯಾರಿಗಿದೆಯೋ ಅವರೇ ಅಧಿಕಾರ ನಡೆಸುತ್ತಾರೆ, ಅವರನ್ನು ಪ್ರಶ್ನಿಸುವ ದಾರಿಯೂ ಇರುವುದಿಲ್ಲ ಎಂಬ ಟೀಕೆ ಆ ಗುಂಪುಗಳ ಒಳಗಿನಿಂದಲೇ ಬಂತು.

2. ತೀರ್ಮಾನದ ವಿಧಾನ ಆರಿಸಿಕೊಳ್ಳಿ

ಕೈ ಎತ್ತಿ ಮತ ಹಾಕುವುದು ಬೇಗ ಮುಗಿಯುತ್ತದೆ. ಅಪಾರ್ಟ್‌ಮೆಂಟ್ ಸಂಘದಲ್ಲಿ ಐದಕ್ಕೆ ನಾಲ್ಕರಲ್ಲಿ ಸೋತವರು ಗೊಣಗಿಕೊಂಡು ಬಾಗಿಲು ಹಾಕಿಕೊಳ್ಳಬಹುದು. ಇಲ್ಲಿ ಅವರು ರಾತ್ರಿ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು, ನಾಳೆ ಅದೇ ಪಂಪ್ ಹಾಕಬೇಕು. ಮನಸ್ಸಿಲ್ಲದವರು ಕೆಲಸಕ್ಕೆ ಕೈ ಹಾಕುವುದಿಲ್ಲ, ತೀರ್ಮಾನ ಕಾಗದದಲ್ಲೇ ಉಳಿಯುತ್ತದೆ.

ಎಲ್ಲರೂ ಒಪ್ಪಲೇಬೇಕು ಎಂಬ ನಿಯಮ ಕೇಳಲು ಚಂದ. ಅದರಲ್ಲಿ ಪ್ರತಿಯೊಬ್ಬರ ಕಾಲ ಕೆಳಗೂ ಒಂದೊಂದು ಬ್ರೇಕ್ ಇರುತ್ತದೆ, ಆಕ್ಸಿಲರೇಟರ್ ಯಾರ ಕೈಗೂ ಸಿಗುವುದಿಲ್ಲ. ಏನನ್ನೂ ಮಾಡಬಾರದು ಎನ್ನುವವರೇ ಸದಾ ಗೆಲ್ಲುತ್ತಾರೆ.

ನಾನು ಸೂಚಿಸುವುದು ಮೂರನೆಯ ದಾರಿ. ಇದರ ಮೂಲ ಹಾಲೆಂಡಿನ ಒಂದು ಶಾಲೆಯಲ್ಲಿದೆ. ಶಾಂತಿವಾದಿ ಕೇಸ್ ಬೂಕೆ ಮತ್ತು ಅವರ ಪತ್ನಿ ಬೆಟ್ಟಿ ಕ್ಯಾಡ್ಬರಿ (ಹೌದು, ಅದೇ ಚಾಕೊಲೇಟ್ ಮನೆತನದ ಮಗಳು) 1926ರಲ್ಲಿ ಬಿಲ್ತೋವನ್‌ನಲ್ಲಿ ಶುರುಮಾಡಿದ ಶಾಲೆಯಲ್ಲಿ ಮಕ್ಕಳೂ ಶಿಕ್ಷಕರೂ ಒಟ್ಟಿಗೆ ಕೂತು ಶಾಲೆಯ ವಿಷಯ ತೀರ್ಮಾನಿಸುತ್ತಿದ್ದರು. ಅಲ್ಲಿ ಓದಿದ ಹುಡುಗ ಗೆರಾರ್ಡ್ ಎಂಡೆನ್‌ಬರ್ಗ್ ಮುಂದೆ ಎಂಜಿನಿಯರ್ ಆಗಿ, 1970ರ ದಶಕದಲ್ಲಿ ತನ್ನ ಮನೆಯವರ ವಿದ್ಯುತ್ ಉಪಕರಣಗಳ ಕಂಪನಿಯಲ್ಲೇ ಈ ಪದ್ಧತಿಯನ್ನು ಕಟ್ಟಿ ಬೆಳೆಸಿದರು. ಸೋಶಿಯೋಕ್ರಸಿ ಎಂಬ ಹೆಸರಿನಲ್ಲಿ ಇಂದು ಹಲವು ದೇಶಗಳ ಸಮುದಾಯಗಳು ಬಳಸುವುದು ಇದನ್ನೇ.

ಇದರಲ್ಲಿ "ನಿಮಗೆ ಇಷ್ಟವೇ?" ಎಂದು ಯಾರೂ ಕೇಳುವುದಿಲ್ಲ. "ಇದನ್ನು ಮಾಡಿದರೆ ನಮ್ಮ ಗುಂಪಿನ ಉದ್ದೇಶಕ್ಕೆ ಧಕ್ಕೆಯಾಗುತ್ತದೆ ಎನ್ನಲು ನಿಮ್ಮ ಬಳಿ ಕಾರಣ ಇದೆಯೇ?" ಎಂದು ಕೇಳುತ್ತಾರೆ. ಕಾರಣ ಇಲ್ಲದಿದ್ದರೆ ಮುಂದುವರಿಯಬಹುದು. ಇದ್ದರೆ, ಆ ಕಾರಣವನ್ನು ಬಳಸಿ ಪ್ರಸ್ತಾವವನ್ನು ತಿದ್ದಬೇಕು. ತೀರ್ಮಾನ ಅತ್ಯುತ್ತಮ ಆಗಿರಬೇಕಿಲ್ಲ. ಸದ್ಯಕ್ಕೆ ಸಾಕು, ಮಾಡಿ ನೋಡಲು ದೊಡ್ಡ ಅಪಾಯವಿಲ್ಲ ಎನ್ನುವಂತಿದ್ದರೆ ಆಯಿತು. ಅದಕ್ಕೇ ಪ್ರತಿ ತೀರ್ಮಾನಕ್ಕೂ ಮರುಪರಿಶೀಲನೆಯ ದಿನಾಂಕ ಇರುತ್ತದೆ.

3. ಸಭೆಯನ್ನು ಸುತ್ತುಗಳಲ್ಲಿ ನಡೆಸಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂಬತ್ತು ಮನೆ, ಹನ್ನೆರಡು ಎಕರೆ, ಒಂದು ಬೋರ್‌ವೆಲ್. ಮಾರ್ಚ್ ಹೊತ್ತಿಗೆ ನೀರು ಎಳೆಯತೊಡಗಿದೆ. ನೀರಿನ ತಂಡ ಬರೆದು ತಂದ ಪ್ರಸ್ತಾವ: ಏಪ್ರಿಲ್ ಒಳಗೆ ಎರಡನೇ ಬೋರ್ ಕೊರೆಸುವುದು, ಖರ್ಚು ಎಲ್ಲ ಮನೆಗೂ ಸಮಪಾಲು. ಇದು ಬರವಣಿಗೆಯಲ್ಲಿ ಒಂದು ವಾರ ಮುಂಚೆಯೇ ಎಲ್ಲರಿಗೂ ತಲುಪಿರಬೇಕು. ಬಾಯಿಮಾತಿನಲ್ಲಿ ಬಂದ ಪ್ರಸ್ತಾವದ ಮೇಲೆ ತೀರ್ಮಾನ ಮಾಡಬೇಡಿ.

ಮೊದಲ ಸುತ್ತು ಪ್ರಶ್ನೆಗಳದ್ದು. ಎಷ್ಟು ಅಡಿ? ಪಾಯಿಂಟ್ ನೋಡಿದವರು ಯಾರು? ನೀರು ಬೀಳದಿದ್ದರೆ ದುಡ್ಡು ಯಾರ ತಲೆಗೆ? ಇಲ್ಲಿ ತಿಳಿದುಕೊಳ್ಳುವ ಪ್ರಶ್ನೆ ಮಾತ್ರ. "ಇದೆಲ್ಲ ದಂಡ ಅಲ್ವಾ?" ಎನ್ನುವುದು ಪ್ರಶ್ನೆಯ ವೇಷ ಹಾಕಿಕೊಂಡ ಅಭಿಪ್ರಾಯ; ಸಭೆ ನಡೆಸುವವರು ಅದನ್ನು ನಯವಾಗಿ ಮುಂದಿನ ಸುತ್ತಿಗೆ ಕಳಿಸಬೇಕು.

ಎರಡನೇ ಸುತ್ತು ಅನಿಸಿಕೆಗಳದ್ದು. ಕೂತ ಸಾಲಿನಲ್ಲೇ ಒಬ್ಬೊಬ್ಬರಿಗೂ ಎರಡು ನಿಮಿಷ. ನಡುವೆ ಬಾಯಿ ಹಾಕುವಂತಿಲ್ಲ, ಉತ್ತರ ಕೊಡುವಂತಿಲ್ಲ. ನಮ್ಮಲ್ಲಿ ಇದಕ್ಕೆ ಇನ್ನೊಂದು ನಿಯಮ ಸೇರಿಸಲೇಬೇಕು: ಕಿರಿಯರು ಮೊದಲು. ರಿಟೈರ್ಡ್ ಪ್ರೊಫೆಸರ್ ಅಂಕಲ್ ಬಾಯಿ ತೆರೆದು "ನನ್ನ ಅನುಭವದಲ್ಲಿ..." ಎಂದು ಶುರುಮಾಡಿದ ಮೇಲೆ ಇಪ್ಪತ್ತೆಂಟರ ಹುಡುಗಿ ಬೇರೆ ಮಾತಾಡುವುದು ಕಷ್ಟ. ಅಂಕಲ್ ಒಳ್ಳೆಯವರೇ ಇರಬಹುದು, ಆದರೂ ಕಷ್ಟ.

ಮೂರನೇ ಸುತ್ತಿನಲ್ಲಿ ಪ್ರತಿಯೊಬ್ಬರೂ "ಆಕ್ಷೇಪ ಇಲ್ಲ" ಅಥವಾ "ಆಕ್ಷೇಪ ಇದೆ, ಕಾರಣ ಇದು" ಎನ್ನಬೇಕು. ನಮ್ಮ ಉದಾಹರಣೆಯಲ್ಲಿ ಮೂರು ಮಾತು ಬಂದವು ಎನ್ನಿ.

ಒಬ್ಬರು "ಬೋರ್‌ವೆಲ್ ಅಂದರೇನೇ ನನಗೆ ಆಗಲ್ಲ" ಅಂದರು. ಇದು ಅವರ ಇಷ್ಟಾನಿಷ್ಟ. ಕೇಳಿಸಿಕೊಳ್ಳಬೇಕು, ಆದರೆ ಇಷ್ಟಕ್ಕೇ ಪ್ರಸ್ತಾವ ನಿಲ್ಲುವುದಿಲ್ಲ.

ಇನ್ನೊಬ್ಬರು, "ಪಕ್ಕದ ತೋಟದವರ ತೆರೆದ ಬಾವಿ ನಮ್ಮ ಪಾಯಿಂಟಿಗೆ ಬಹಳ ಹತ್ತಿರ ಇದೆ. ಅದು ಬತ್ತಿದರೆ ಊರಿನವರು ನಮ್ಮ ಜೊತೆ ಮಾತು ಬಿಡ್ತಾರೆ" ಅಂದರು. ಇದು ಗಟ್ಟಿ ಆಕ್ಷೇಪ. ಇಡೀ ಗುಂಪಿಗೆ ಆಗುವ ನಷ್ಟವನ್ನು ಕಾರಣಸಮೇತ ಹೇಳುತ್ತಿದೆ.

ಮೂರನೆಯವರದು, "ನಾವು ತರಕಾರಿ ಬೆಳೆಯಲ್ಲ, ಇರೋದು ಇಬ್ಬರೇ. ಸಮಪಾಲು ಯಾಕೆ?" ಎಂಬ ಮಾತು. ಕೆಲವರು ಇದನ್ನು ಸ್ವಾರ್ಥ ಎಂದು ತಳ್ಳಿಹಾಕುತ್ತಾರೆ. ನಾನು ತಳ್ಳುವುದಿಲ್ಲ. ಒಂದು ಮನೆಯ ಮೇಲೆ ಅನ್ಯಾಯದ ಹೊರೆ ಬಿದ್ದರೆ ವರ್ಷದೊಳಗೆ ಅದು ಗುಂಪಿನ ಹೊರೆಯೇ ಆಗುತ್ತದೆ.

ಈಗ ಕೇಳಬೇಕಾದ್ದು ಆಕ್ಷೇಪ ಎತ್ತಿದವರನ್ನಷ್ಟೇ ಅಲ್ಲ, ಎಲ್ಲರನ್ನೂ: ಈ ಎರಡು ಕಾರಣಗಳನ್ನು ಒಳಗೊಂಡು ಪ್ರಸ್ತಾವವನ್ನು ಹೇಗೆ ತಿದ್ದೋಣ? ಮಾತಾಡುತ್ತ ಹೀಗೊಂದು ರೂಪ ಬರಬಹುದು. ಈ ಬೇಸಿಗೆಗೆ ಟ್ಯಾಂಕರ್ ನೀರು, ತೋಟಕ್ಕೆ ಡ್ರಿಪ್. ಮಳೆಗೆ ಮುಂಚೆ ಕೃಷಿಹೊಂಡ. ಪ್ರತಿ ಮನೆಗೂ ಮೀಟರ್, ಖರ್ಚು ಬಳಕೆಯ ಮೇಲೆ. ಪಕ್ಕದವರ ಜೊತೆ ಮಾತಾಡುವ ಜವಾಬ್ದಾರಿ ಇಬ್ಬರಿಗೆ. ಬೋರ್ ವಿಷಯ ಮುಂದಿನ ಫೆಬ್ರವರಿಯಲ್ಲಿ ಲೆಕ್ಕಗಳ ಸಮೇತ ಮತ್ತೆ ಸಭೆಗೆ. ಇನ್ನೊಂದು ಸುತ್ತು ಆಕ್ಷೇಪ ಕೇಳಿ; ಇಲ್ಲದಿದ್ದರೆ ಮುಗಿಯಿತು. ಬೋರ್ ಎಂದರೆ ಆಗದವರಿಗೂ ಬೋರ್ ಬೇಕೇ ಬೇಕೆಂದವರಿಗೂ ಪೂರ್ತಿ ಖುಷಿಯಾಗಿಲ್ಲ, ಇಬ್ಬರೂ ಮೀಟರ್ ಹಾಕಿಸಿಕೊಳ್ಳುತ್ತಾರೆ.

ಸಭೆ ನಡೆಸುವವರು ಪ್ರತಿ ಸಲ ಬದಲಾಗಲಿ. ಪ್ರಸ್ತಾವ ತಂದವರು ಅವತ್ತು ನಡೆಸಬಾರದು. ಹೆಚ್ಚು ದುಡ್ಡು ಹಾಕಿದವರಂತೂ ಮೊದಲ ವರ್ಷ ನಡೆಸಲೇಬಾರದು. ಒಂದೂವರೆ ಗಂಟೆಗಿಂತ ಹೆಚ್ಚು ಕೂರಬೇಡಿ. ವಾಟ್ಸಾಪ್‌ನಲ್ಲಿ ಹೆಬ್ಬೆಟ್ಟು ಎತ್ತಿದ್ದನ್ನು ಒಪ್ಪಿಗೆ ಎಂದು ಎಣಿಸಬೇಡಿ, ಎಷ್ಟೋ ಜನ "ಓದಿದೆ" ಎನ್ನಲೂ ಅದನ್ನೇ ಒತ್ತುತ್ತಾರೆ. ಬರಲಾಗದವರು ಆಕ್ಷೇಪವನ್ನು ಬರೆದು ಕಳಿಸಲಿ. ಬರೆದೂ ಕಳಿಸದೆ ಆಮೇಲೆ "ನನ್ನನ್ನು ಕೇಳಲೇ ಇಲ್ಲ" ಎಂದರೆ, ಮರುಪರಿಶೀಲನೆಯ ದಿನಾಂಕ ತೋರಿಸಿ.

4. ಆಕ್ಷೇಪ ಬಗೆಹರಿಯದಿದ್ದರೆ?

ಈ ಪ್ರಶ್ನೆಗೆ ಉತ್ತರವನ್ನು ಜಗಳ ಬರುವ ಮುಂಚೆ ಬರೆದಿಡಬೇಕು. ಜಗಳದ ನಡುವೆ ಬರೆದ ನಿಯಮ ಯಾರದೋ ಒಬ್ಬರ ವಿರುದ್ಧದ ನಿಯಮವಾಗಿ ಕಾಣುತ್ತದೆ.

ಕ್ಯಾಲಿಫೋರ್ನಿಯಾದ ಡೇವಿಸ್ ಎಂಬ ಊರಿನಲ್ಲಿ ಎನ್ ಸ್ಟ್ರೀಟ್ ಎಂಬ ಕೋಹೌಸಿಂಗ್ (ಮನೆ ಬೇರೆ ಬೇರೆ, ಕೆಲವು ಜಾಗ ಮಾತ್ರ ಒಟ್ಟು) ಸಮುದಾಯ ಇದೆ. ಅಕ್ಕಪಕ್ಕದ ಮನೆಯವರು 1986ರಿಂದ ಹಿತ್ತಲಿನ ಬೇಲಿಗಳನ್ನು ಒಂದೊಂದಾಗಿ ಕಿತ್ತು ಒಂದು ಮಾಡಿಕೊಂಡ ಜಾಗ. ಅವರ ನಿಯಮ ಸರಳ. ಪ್ರಸ್ತಾವವನ್ನು ತಡೆದವರ ಮೇಲೆ ಒಂದು ಕೆಲಸ ಬೀಳುತ್ತದೆ: ಪ್ರಸ್ತಾವದ ಪರ ಇರುವವರ ಜೊತೆ ಆರು ಸಲದವರೆಗೆ ಕೂತು ಇಬ್ಬರಿಗೂ ಒಪ್ಪುವ ಬೇರೆ ದಾರಿ ಹುಡುಕಬೇಕು. ಸಿಕ್ಕಿದರೆ ಅದೇ ಹೊಸ ಪ್ರಸ್ತಾವ. ಸಿಗದಿದ್ದರೆ ಮೊದಲಿನದೇ ಮತಕ್ಕೆ ಹೋಗುತ್ತದೆ, ಪಾಸಾಗಲು ನೂರಕ್ಕೆ 75 ಮತ ಬೇಕು. ಅಡ್ಡಗಾಲು ಹಾಕುವ ಹಕ್ಕು ಎಲ್ಲರಿಗೂ ಇದೆ, ಆದರೆ ಅದು ಪುಕ್ಕಟೆ ಅಲ್ಲ. ಆರು ಸಲ ಕೂರುವಷ್ಟು ಆ ವಿಷಯ ತನಗೆ ಮುಖ್ಯವೇ ಎಂದು ತಡೆಯುವವರು ಮೊದಲೇ ಯೋಚಿಸುತ್ತಾರೆ. ನಿಮ್ಮಲ್ಲಿ ಆರು ಜಾಸ್ತಿ ಎನಿಸಿದರೆ ಮೂರು ಮಾಡಿಕೊಳ್ಳಿ.

5. ನಡಾವಳಿಯನ್ನು ಅಲ್ಲೇ ಬರೆದು ಅಲ್ಲೇ ಓದಿ

ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಥದವರು ತಮ್ಮ ಸಭೆಗಳಲ್ಲಿ ಇವತ್ತಿಗೂ ಮತ ಹಾಕುವುದಿಲ್ಲ. ಸಭೆಯ ಮನಸ್ಸು ಎತ್ತ ಒಲಿದಿದೆ ಎಂದು ಕ್ಲರ್ಕ್ (ಅಲ್ಲಿ ಸಭೆ ನಡೆಸುವವರ ಹೆಸರೇ ಅದು) ಗ್ರಹಿಸಿ, ಅಲ್ಲೇ ನಾಲ್ಕು ಸಾಲು ಬರೆದು ಓದುತ್ತಾರೆ. ಕೂತವರು ಆ ಸಾಲುಗಳನ್ನು ತಿದ್ದಿ ಒಪ್ಪಿದ ಮೇಲೆಯೇ ಮುಂದಿನ ವಿಷಯ. ಇದನ್ನು ಹಾಗೆಯೇ ಎತ್ತಿಕೊಳ್ಳಿ. ಏನು, ಯಾರು, ಯಾವಾಗ, ಎಷ್ಟು ಖರ್ಚು, ಮತ್ತೆ ನೋಡುವುದು ಯಾವತ್ತು: ಐದು ಸಾಲು ಸಾಕು. ಪುಸ್ತಕ ಒಂದೇ ಇರಲಿ, ಕನ್ನಡದಲ್ಲಿರಲಿ, ಅಡುಗೆಮನೆಯ ಪಕ್ಕದಲ್ಲಿರಲಿ.

6. ಸಭೆಯ ಹೊರಗಿನ ಮಾತು

ಎಷ್ಟು ಚಂದದ ವಿಧಾನ ಇಟ್ಟುಕೊಂಡರೂ ನಿಜವಾದ ತೀರ್ಮಾನಗಳು ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ, ವಾಕಿಂಗ್ ಹೋಗುವ ದಾರಿಯಲ್ಲಿ, ಗಂಡಹೆಂಡತಿಯ ಕೋಣೆಯಲ್ಲಿ ಆಗುತ್ತಿದ್ದರೆ ಸಭೆ ನಾಟಕವಾಗುತ್ತದೆ. ಬ್ರೂಡರ್‌ಹಾಫ್ ಎಂಬ ಕ್ರೈಸ್ತ ಸಮುದಾಯ 1920ರಲ್ಲಿ ಜರ್ಮನಿಯ ಜಾನರ್ಟ್ಸ್ ಎಂಬ ಹಳ್ಳಿಯಲ್ಲಿ ಶುರುವಾಯಿತು. ಐದು ವರ್ಷ ಕಳೆಯುವಷ್ಟರಲ್ಲಿ, ಅಂದರೆ 1925ರಲ್ಲಿ, ಅವರು ಬರೆದಿಟ್ಟುಕೊಂಡ ಮೊದಲ ನಿಯಮ ಆಸ್ತಿಯ ಬಗ್ಗೆಯೂ ಅಲ್ಲ, ಕೆಲಸದ ಬಗ್ಗೆಯೂ ಅಲ್ಲ. ಒಬ್ಬರ ಬೆನ್ನ ಹಿಂದೆ, ಸೂಚ್ಯವಾಗಿ ಕೂಡ, ಅವರ ದೋಷ ಆಡಬಾರದು. ಹೇಳಬೇಕಾದ್ದನ್ನು ನೇರ ಅವರಿಗೇ ಹೇಳಬೇಕು ಎಂಬುದು. ಇಂದಿಗೂ ಅವರಲ್ಲಿ ಅದು ಜಾರಿಯಲ್ಲಿದೆ.

ಅಷ್ಟು ಕಟ್ಟುನಿಟ್ಟು ನಮಗೆ ಆಗಿಬರುವುದಿಲ್ಲ. ನಮ್ಮ ಊರಿನಲ್ಲಿ ಯಾರ ಬಗ್ಗೆಯೂ ಮಾತಾಡದೆ ಕಾಫಿ ಕುಡಿಯುವುದು ಹೇಗೆ? ಆದರೆ ಇದರ ಅರ್ಧವನ್ನಾದರೂ ತೆಗೆದುಕೊಳ್ಳಬಹುದು. ನಿಮ್ಮ ಹತ್ತಿರ ಬಂದು ಇನ್ನೊಬ್ಬರ ದೂರು ಹೇಳಿದವರಿಗೆ ಒಂದೇ ಪ್ರಶ್ನೆ ಕೇಳಿ: "ಅವರಿಗೆ ಹೇಳಿದ್ರಾ?" ಇಲ್ಲ ಅಂದರೆ, "ನಾನೂ ಜೊತೆಗೆ ಬರ್ಲಾ?" ಅನ್ನಿ. ಎರಡೂ ಬೇಡ ಅಂದರೆ ವಿಷಯ ಬದಲಿಸಿ. ಇಬ್ಬರೇ ಕೂತು ಬಗೆಹರಿಯದಿದ್ದರೆ ಇಬ್ಬರೂ ಒಪ್ಪುವ ಮೂರನೆಯವರೊಬ್ಬರು. ಅದೂ ಆಗದಿದ್ದರೆ ಆಮೇಲೆ ಸಭೆ. ಈ ಮೆಟ್ಟಿಲು ದಾಟಿ ನೇರ ಸಭೆಯಲ್ಲಿ ಎತ್ತಿದ ದೂರನ್ನು ಅವತ್ತು ತೆಗೆದುಕೊಳ್ಳಬೇಡಿ. ಹೊಡೆತ, ಮೈಮೇಲೆ ಕೈ, ಮಕ್ಕಳಿಗೆ ಸಂಬಂಧಿಸಿದ್ದು ಈ ಮೆಟ್ಟಿಲುಗಳಿಗೆ ಸೇರುವುದಿಲ್ಲ. ಅದಕ್ಕೆ ಪೊಲೀಸ್ ಠಾಣೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ. "ನಮ್ಮೊಳಗೇ ಬಗೆಹರಿಸಿಕೊಳ್ಳೋಣ" ಎಂದು ಮುಚ್ಚಿಡುವ ಸಮುದಾಯದಲ್ಲಿ ಇರಬೇಡಿ.

ದಂಪತಿಗಳ ವಿಷಯ ಬೇರೆಯೇ. "ನಮ್ಮನೆಯವರದ್ದೂ ಇದೇ ಅಭಿಪ್ರಾಯ" ಎಂಬ ಮಾತನ್ನು ನಡಾವಳಿಗೆ ಹತ್ತಿಸಬೇಡಿ. ಮನೆಗೊಂದು ದನಿ ಎಂದು ಇಟ್ಟರೆ ಆ ದನಿ ಸಾಮಾನ್ಯವಾಗಿ ಯಾರದಾಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ತಲೆಗೊಂದು ದನಿ ಇರಲಿ, ಗಂಡಹೆಂಡತಿ ಪಕ್ಕಪಕ್ಕ ಕೂರದಿರಲಿ. ಸಭೆಯ ಹೊತ್ತಿನಲ್ಲಿ ಒಲೆ ಹಚ್ಚಬೇಡಿ; ಕಾಫಿ ಫ್ಲಾಸ್ಕಿನಲ್ಲಿರಲಿ, ಉಪ್ಪಿಟ್ಟು ಮುಂಚೆಯೇ ಆಗಿರಲಿ. ತೀರ್ಮಾನದ ಹೊತ್ತಿಗೆ ಅಡುಗೆಮನೆಯಲ್ಲಿ ಇರುವವರು ಸದಾ ಅದೇ ಮೂವರಾದರೆ ಅದನ್ನು ಕಾಕತಾಳೀಯ ಅನ್ನಬೇಡಿ.

ಇನ್ನು ಮುಖ ನೋಡಿ ಇಲ್ಲ ಎನ್ನಲಾರದ ನಮ್ಮ ದಾಕ್ಷಿಣ್ಯ. "ನಿಮ್ಮಿಷ್ಟ, ನಂದೇನಿಲ್ಲ" ಎಂದವರನ್ನು ಒಪ್ಪಿದವರ ಪಟ್ಟಿಗೆ ಸೇರಿಸಿ ಮುಂದೆ ಹೋದರೆ ಆರು ತಿಂಗಳ ನಂತರ ಅದೇ ವಿಷಯ ಇನ್ನೊಂದು ರೂಪದಲ್ಲಿ ಬಂದು ಬಡಿಯುತ್ತದೆ. ಅಂಥ ಮಾತು ಬಂದ ಕೂಡಲೇ ಸಭೆ ನಡೆಸುವವರು ನಿಂತು ಕೇಳಬೇಕು: "ನಿಮಗೆ ಒಂದಿಷ್ಟು ಅನುಮಾನ ಇದ್ದರೆ ಅದೇನು?" ಅಲ್ಲೂ ಹೇಳಲಾರದವರಿಗೆ ಚೀಟಿ. ಮೊದಲ ವರ್ಷ ಚೀಟಿಗಳೇ ಹೆಚ್ಚು ಬರುತ್ತವೆ.

ಒಟ್ಟಿಗೆ ಊಟ ಮಾಡುವುದನ್ನು ಬಿಡಬೇಡಿ. ಡೆನ್ಮಾರ್ಕಿನಲ್ಲಿ 1972ರಲ್ಲಿ 27 ಮನೆಗಳೊಂದಿಗೆ ಶುರುವಾದ ಸೇಟೆಡಾಮೆನ್‌ನಿಂದ ಹಿಡಿದು ಇಂದಿನವರೆಗೆ ಕೋಹೌಸಿಂಗ್ ಎಂದರೆ ಪ್ರತಿ ಮನೆಗೂ ತನ್ನದೇ ಅಡುಗೆಮನೆ, ಜೊತೆಗೆ ಎಲ್ಲರಿಗೂ ಒಂದು ಊಟದ ಮನೆ. ದಿನವೂ ಒಟ್ಟಡುಗೆ ಎಂದು ಹೊರಟವರು ಉಪ್ಪುಖಾರದಲ್ಲೇ, ಅದಕ್ಕಿಂತ ಹೆಚ್ಚಾಗಿ ಮಾಂಸಾಹಾರದ ವಿಷಯದಲ್ಲೇ, ಮುನಿಸಿಕೊಳ್ಳುತ್ತಾರೆ. ವಾರಕ್ಕೆ ಎರಡು ಮೂರು ಊಟ ಸಾಕು. ಒಟ್ಟು ಅಡುಗೆಮನೆಯಲ್ಲಿ ಏನು ಬೇಯಬಹುದು, ಏನು ಬೇಯಬಾರದು ಎಂಬುದನ್ನು ಜಮೀನು ಕೊಳ್ಳುವ ಮುಂಚೆ ಬಾಯಿಬಿಟ್ಟು ಮಾತಾಡಿ. ಜಾತಿಯ ಪ್ರಶ್ನೆ ಈ ಬಾಗಿಲಿನಿಂದಲೇ ಒಳಗೆ ಬರುವುದು.

7. ಬರುವ ಬಾಗಿಲು, ಹೋಗುವ ಬಾಗಿಲು

ಟ್ವಿನ್ ಓಕ್ಸ್‌ಗೆ ಸೇರಬೇಕೆಂದವರು ಮೊದಲು ಮೂರು ವಾರ ಅತಿಥಿಗಳಾಗಿ ಇದ್ದು ದುಡಿಯಬೇಕು, ಆಮೇಲೆ ಆರು ತಿಂಗಳು ತಾತ್ಕಾಲಿಕ ಸದಸ್ಯರು. ನೀವೂ ಕೊಳ್ಳುವ ಮುಂಚೆ ಎಲ್ಲ ಮನೆಯವರೂ ಎಲ್ಲಾದರೂ ಒಂದು ಮನೆ ಬಾಡಿಗೆ ಹಿಡಿದು ಒಂದೆರಡು ವಾರ ಇದ್ದು ನೋಡಿ, ಮಳೆಗಾಲದಲ್ಲಿ. ಕರೆಂಟ್ ಹೋಗಿ, ಬಟ್ಟೆ ಒಣಗದೆ, ಮಕ್ಕಳು ಒಳಗೇ ಕೂತಾಗ ಯಾರು ಹೇಗೆ ಎಂದು ತಿಳಿಯುತ್ತದೆ.

ಹೋಗುವ ಬಾಗಿಲು ಇನ್ನೂ ಮುಖ್ಯ. ಜಂಟಿ ಹೆಸರಿನಲ್ಲಿ ಕ್ರಯಪತ್ರ ಮಾಡಿಸಿಕೊಂಡರೆ ಯಾವ ಪಾಲುದಾರರೂ ವಿಭಾಗ ಕೇಳಿ ನ್ಯಾಯಾಲಯಕ್ಕೆ ಹೋಗಬಹುದು. ಬಿಟ್ಟುಹೋಗುವವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ, ಹಾಕಿದ ದುಡ್ಡೋ ಇಂದಿನ ಬೆಲೆಯೋ, ಎಷ್ಟು ಕಂತಿನಲ್ಲಿ, ಹೊರಗಿನವರಿಗೆ ಮಾರುವ ಮುಂಚೆ ಒಳಗಿನವರಿಗೆ ಎಷ್ಟು ದಿನದ ಅವಕಾಶ, ಸದಸ್ಯರು ತೀರಿಕೊಂಡರೆ ವಾರಸುದಾರರ ಸ್ಥಾನವೇನು ಎಂಬುದೆಲ್ಲ ವಕೀಲರ ಮುಂದೆ ಬರೆಸಿದ ಒಪ್ಪಂದದಲ್ಲಿರಲಿ.

ಸಂಘ ನೋಂದಾಯಿಸುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು. ಬೈಲಾ (ಸಂಘದ ನಿಯಮಾವಳಿ) ಎಂದು ಅಂಗಡಿಯಲ್ಲಿ ಸಿಗುವ ಮಾದರಿಗೆ ಹೆಸರು ತುಂಬಿ ಕೊಡಬೇಡಿ. ನೀವು ಒಪ್ಪಿಕೊಂಡ ವಿಧಾನ ಒಂದು, ಕಾಗದದ ಮೇಲಿರುವುದು ಬಹುಮತ ಎಂದಾದರೆ ಜಗಳದ ದಿನ ಗೆಲ್ಲುವುದು ಕಾಗದ. ಇದಕ್ಕೆ ಪುದುಚೇರಿ ಬಳಿಯ ಸಮುದಾಯ ಆರೋವಿಲ್‌ಗಿಂತ ದೊಡ್ಡ ಉದಾಹರಣೆ ಬೇಡ. 1968ರಲ್ಲಿ ಹುಟ್ಟಿದ ಆ ಊರಿನ ಆಸ್ತಿ 1988ರ ಕಾಯ್ದೆಯಂತೆ ಪ್ರತಿಷ್ಠಾನಕ್ಕೆ ಸೇರಿತು. ನಿವಾಸಿಗಳ ಸಭೆ ಎಂಬುದು ಕಾಯ್ದೆಯಲ್ಲೇ ಇದೆ, ಅದರ ಜೊತೆ ಕೇಂದ್ರ ಸರ್ಕಾರ ನೇಮಿಸುವ ಆಡಳಿತ ಮಂಡಳಿಯೂ ಇದೆ. 2021ರ ಕೊನೆಯಲ್ಲಿ ರಸ್ತೆಗಾಗಿ ಮರ ಕಡಿಯುವ ವಿಷಯಕ್ಕೆ ನಿವಾಸಿಗಳಲ್ಲಿ ಅನೇಕರಿಗೂ ಮಂಡಳಿಗೂ ತಿಕ್ಕಾಟವಾಗಿ, ಕೊನೆಯ ಮಾತು ಯಾರದು ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಯಾರು ಸರಿ ಎಂಬ ವಾದ ಇಲ್ಲಿ ಬೇಡ. ನಿಮ್ಮ ಕಾಗದಗಳಲ್ಲಿ ಕೊನೆಯ ಮಾತು ಯಾರದು ಎಂದು ಒಮ್ಮೆ ಹುಡುಕಿ ನೋಡಿ.

8. ಸದಸ್ಯರಲ್ಲದವರು

ಜಮೀನಿನಲ್ಲಿ ಕೆಲಸಕ್ಕೆ ಬರುವ ದಂಪತಿ, ಹಾಲು ಕೊಡುವವರು, ಪಕ್ಕದ ತೋಟದವರು, ನೀವು ಬರುವ ಮುಂಚೆ ಆ ಜಾಗ ಹಾಯ್ದು ದೇವಸ್ಥಾನಕ್ಕೋ ಶಾಲೆಗೋ ಹೋಗುತ್ತಿದ್ದವರು. ನಿಮ್ಮ ಸುತ್ತುಗಳಲ್ಲಿ ಇವರ್ಯಾರೂ ಕೂತಿರುವುದಿಲ್ಲ, ತೀರ್ಮಾನಗಳು ತಾಗುವುದು ಮಾತ್ರ ಇವರಿಗೂ. ಬೇಲಿ, ಗೇಟು, ನಾಯಿ, ನೀರು, ಕೂಲಿ ಈ ಐದರ ಬಗ್ಗೆ ಪ್ರಸ್ತಾವ ಬಂದಾಗ ಸಭೆಗೆ ಮುಂಚೆ ಇಬ್ಬರು ಹೋಗಿ ಅವರನ್ನು ಕೇಳಿಕೊಂಡು ಬಂದು, ಅವರಂದದ್ದನ್ನು ಅನಿಸಿಕೆಯ ಸುತ್ತಿನಲ್ಲಿ ಅವರ ಮಾತಾಗಿಯೇ ಹೇಳಲಿ. ಗ್ರಾಮಸಭೆಯ ದಿನ ನಿಮ್ಮ ಸಭೆ ಇಟ್ಟುಕೊಳ್ಳಬೇಡಿ. ಅಲ್ಲಿಗೆ ಹೋಗಿ, ಮೊದಲ ಒಂದೆರಡು ಸಲ ಹಿಂದೆ ಕೂತು ಸುಮ್ಮನೆ ಕೇಳಿ.